ದಾನದ ಪೊಟ್ಟಣದ ಮೇಲಿನ ದಿನಾಂಕ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಹಸು ಇನ್ನೆಷ್ಟು ದಿನ ಬದುಕೀತು ಎಂದು ಕೇಳಬಾರದೆಂದು ಅವರೇನೂ ಹೇಳಿರಲಿಲ್ಲ. 2021ರಲ್ಲಿ ಶ್ರೀಮಂತ ದೇಶಗಳು ತಮಗೆ ಮಿಕ್ಕಿದ ಕೋವಿಡ್ ಲಸಿಕೆಯನ್ನು ಕಳುಹಿಸಿದಾಗ ನೈಜೀರಿಯಾ ಅದನ್ನು ಕೈಮುಗಿದು ಇಳಿಸಿಕೊಂಡಿತು. ಸೀಸೆಗಳಿಗೆ ಉಳಿದಿದ್ದ ಆಯಸ್ಸು ಕೆಲವೇ ವಾರ. ಡಿಸೆಂಬರಿನಲ್ಲಿ ಅಬುಜಾದ ಕಸದ ಬಯಲಿನಲ್ಲಿ 10 ಲಕ್ಷಕ್ಕೂ ಹೆಚ್ಚು ಡೋಸ್‌ಗಳ ಮೇಲೆ ಬುಲ್ಡೋಜರ್ ಹರಿಯಿತು.

ದಾನಿಗಳಿಗೆ ಇದರಿಂದ ನಷ್ಟವಾಯಿತೆಂದು ಯಾರೂ ಮರುಗಬೇಕಾಗಿಲ್ಲ. ಮಿಕ್ಕಿದ ಲಸಿಕೆ ಕೊಟ್ಟರೆ ಡೋಸ್ ಒಂದಕ್ಕೆ 6.72 ಡಾಲರಿನಂತೆ ಅದನ್ನು ವಿದೇಶಿ ನೆರವಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು ಎಂದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಅನುಕೂಲ ಮಾಡಿಕೊಟ್ಟಿತು. ಮನೆ ಗುಡಿಸಿದ್ದಕ್ಕೂ ಪುಣ್ಯ ಬರುವ ಏರ್ಪಾಡು.

ಅದೇ ವರ್ಷ ಇನ್ನೊಂದು ಚಮತ್ಕಾರವಾಯಿತು. ತನ್ನ ಜನಸಂಖ್ಯೆಯ ಹಲವು ಪಟ್ಟು ಲಸಿಕೆ ಕಾಯ್ದಿರಿಸಿದ್ದ ಕೆನಡಾ, ಬಡ ದೇಶಗಳಿಗೂ ಪಾಲು ಸಿಗಲೆಂದು ಕಟ್ಟಿದ ಕೋವ್ಯಾಕ್ಸ್‌ನ ಸರದಿಯಲ್ಲೂ ಬಂದು ನಿಂತಿತು. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ. ನಿಯಮ ಬರೆಯುವ ಮೇಜಿನಲ್ಲಿ ಕುರ್ಚಿಯಿದ್ದರೆ ತಪ್ಪುಗಳು ಹೀಗೆಯೇ ಕಡಿಮೆಯಾಗುತ್ತವೆ.

ಹಾಗಾದರೆ ನಾವೇ ತಯಾರಿಸಿಕೊಳ್ಳುತ್ತೇವೆ, ಪೇಟೆಂಟ್ ಸ್ವಲ್ಪ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಿನಲ್ಲೇ ವಿಶ್ವ ವ್ಯಾಪಾರ ಸಂಘಟನೆಯ ಮುಂದೆ ಕೇಳಿದ್ದವು. ಯುರೋಪ್ ಗಂಭೀರವಾಗಿ ಯೋಚಿಸಿತು. ಬ್ರಿಟನ್, ಸ್ವಿಟ್ಜರ್ಲೆಂಡ್ ಇನ್ನೂ ಗಂಭೀರವಾಗಿ ಯೋಚಿಸಿದವು. 2022ರ ಜೂನ್‌ನಲ್ಲಿ, ಲಸಿಕೆಯ ಕೊರತೆಯೆಲ್ಲ ನೀಗಿದ ಮೇಲೆ, ಲಸಿಕೆಗೆ ಮಾತ್ರ ಒಂದಿಷ್ಟು ರಿಯಾಯಿತಿ ಹೊರಬಿತ್ತು. ಔಷಧ ಮತ್ತು ಪರೀಕ್ಷೆಗಳ ವಿಷಯವನ್ನು ಆರು ತಿಂಗಳಲ್ಲಿ ತೀರ್ಮಾನಿಸುವುದಾಗಿ ಹೇಳಿದರು. ಆ ಆರು ತಿಂಗಳು ಯಾವ ಪಂಚಾಂಗದವೋ, 2024ರಲ್ಲಿ ಒಮ್ಮತವಿಲ್ಲವೆಂದು ಕೈಚೆಲ್ಲುವವರೆಗೂ ಮುಗಿಯಲಿಲ್ಲ.

ಇಷ್ಟರವರೆಗೆ ಕ್ರಮ ಸರಳವಾಗಿತ್ತು: ಅವಧಿ ಮುಗಿಯುತ್ತ ಬಂದದ್ದನ್ನು ದಾನ ಮಾಡು. 2025ರಲ್ಲಿ ಅಮೆರಿಕ ಇದನ್ನು ಸುಧಾರಿಸಿತು. ನೆರವಿನ ಸಂಸ್ಥೆಯಾದ ಯುಎಸ್ಏಡ್‌ಗೇ ಬೀಗ ಬಿತ್ತು. ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದ ಮಕ್ಕಳಿಗೆಂದು ಕೊಂಡಿದ್ದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತು ದುಬೈ ಗೋದಾಮಿನಲ್ಲಿ ಸಹಿಗಾಗಿ ಕಾದು ಕಾದು ಜುಲೈನಲ್ಲಿ ಪ್ರಾಣ ಬಿಟ್ಟಿತು. ಅದನ್ನು ನಾಶ ಮಾಡಲು ಮತ್ತೆ 1.30 ಲಕ್ಷ ಡಾಲರ್ ಖರ್ಚಿನ ಲೆಕ್ಕ. ಪಾಪ, ಬಿಸ್ಕತ್ತಿಗಾದರೂ ಅವಧಿ ಮುಗಿದ ನೆಪವಿತ್ತು. ಬೆಲ್ಜಿಯಂನಲ್ಲಿದ್ದ 97 ಲಕ್ಷ ಡಾಲರ್ ಬೆಲೆಯ ಗರ್ಭನಿರೋಧಕಗಳಿಗೆ ಇನ್ನೂ ವರ್ಷಗಳ ಆಯಸ್ಸಿತ್ತು. ನಮಗೆ ಕೊಡಿ, ದುಡ್ಡು ಕೊಟ್ಟೇ ಕೊಳ್ಳುತ್ತೇವೆ ಎಂದು ಸೇವಾ ಸಂಸ್ಥೆಗಳು ಮುಂದೆ ಬಂದವು. ಬೇಡ, ಸುಡುತ್ತೇವೆ ಎಂಬ ಉತ್ತರ ಬಂತು. ಬಳಸಬಹುದಾದ ವಸ್ತುವನ್ನು ಸುಡುವುದಕ್ಕೆ ಅಲ್ಲಿಯ ಫ್ಲಾಂಡರ್ಸ್ ಪ್ರಾಂತದ ಕಾನೂನಿನ ಅಡ್ಡಿಯಿತ್ತು ಎಂಬುದು ಬೇರೆ ಮಾತು. ಖರ್ಚು ಉಳಿಸಲೆಂದು ನೆರವು ನಿಲ್ಲಿಸಿದವರು ಬೆಂಕಿಗೆ ಮಾತ್ರ ದುಡ್ಡು ಹೊಂದಿಸಿಕೊಂಡಿದ್ದರು.

ಈ ಗೋದಾಮಿನಲ್ಲೆಲ್ಲ ಹುಡುಕಿದರೆ ಕೆಡದೆ ಉಳಿದ ಸರಕು ಒಂದೇ: ರಾಷ್ಟ್ರೀಯ ಆದಾಯದ ಶೇಕಡ 0.7ರಷ್ಟನ್ನು ಬಡ ದೇಶಗಳಿಗೆ ಕೊಡುವುದಾಗಿ 1970ರಲ್ಲಿ ವಿಶ್ವಸಂಸ್ಥೆಯಲ್ಲಿ ಆಡಿದ ಮಾತು. ಬೆರಳೆಣಿಕೆಯ ದೇಶಗಳಷ್ಟೇ ಅದರ ಮುದ್ರೆ ಒಡೆದವು. ಒಡೆದು 2015ರಲ್ಲಿ ಕಾನೂನನ್ನೇ ಮಾಡಿದ್ದ ಬ್ರಿಟನ್, 2021ರಲ್ಲಿ ಅದನ್ನು 0.5ಕ್ಕೆ ಇಳಿಸಿತು. 2027ಕ್ಕೆ 0.3 ಸಾಕು, ಮಿಕ್ಕಿದ್ದು ರಕ್ಷಣಾ ವೆಚ್ಚಕ್ಕೆ ಎಂದು ಸಾರಿದೆ. ಉಳಿದವರ ಪೊಟ್ಟಣಗಳು ಕಪಾಟಿನಲ್ಲಿ ಹೊಸದರಂತೆಯೇ ಇವೆ, ದಾರ ಕೂಡ ಸಡಿಲಿಸಿಲ್ಲ.