ಕೇಂದ್ರದಿಂದ ಮನೆಗೆ ಬಂದ ಮೇಲೆ ಏನು?

ಕುಡಿತ ಬಿಡಿಸುವ ಕೇಂದ್ರಗಳ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಅಲ್ಲಿಂದ ಮನೆಗೆ ಬಂದವರು ಮುಂದೇನು ಮಾಡಬೇಕು? ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳಿಗೆ ನೀವು ಕೊಟ್ಟಿದ್ದು ಒಂದೇ ಸಾಲು. ಮುಂಬೈಯಲ್ಲಿರುವ ನಮ್ಮವರಿಗೆ ಅದೇ ಜಾಸ್ತಿ ಬೇಕು ಅಲ್ವಾ?

ಕುಡಿತದಿಂದ ಬಳಲಿದ್ದ ಇಬ್ಬರು 1935ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಕೂಟ ಇದು. ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಶುಲ್ಕ ಇಲ್ಲ. ಪೂರ್ತಿ ಹೆಸರು ಹೇಳಬೇಕಿಲ್ಲ. ಮಾತಾಡಲು ಆಗದಿದ್ದರೆ ಸುಮ್ನೆ ಕೂತು ಕೇಳಬಹುದು. ಯಾವ ಸಭೆ ಎಲ್ಲಿ, ಎಷ್ಟು ಗಂಟೆಗೆ ಎಂಬುದು ಎಎ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಿಂದಿಯೋ ಮರಾಠಿಯೋ ಅಂತ ಮೊದಲೇ ಕೇಳಿಕೊಳ್ಳಿ.

ಹೋಟೆಲ್ ಕೆಲಸದ ನಮ್ಮ ಹುಡುಗರಿಗೆ ಇರುವ ದೊಡ್ಡ ಭಯ, ಊರಿನವರ ಕಣ್ಣಿಗೆ ಬಿದ್ದರೆ ಏನು ಗತಿ ಅನ್ನುವುದು. ನಮ್ಮ ಭಾವನಿಗೂ ಅದೇ ಚಿಂತೆ ಇತ್ತು. ಡೊಂಬಿವಲಿಯಲ್ಲಿದ್ದರೂ ಲೋಕಲ್ ಹತ್ತಿ ಠಾಣೆಯ ಸಭೆಗೆ ಹೋದರು. ಹಾಗೆ ಮಾಡುವುದರಲ್ಲಿ ಏನೂ ತಪ್ಪಿಲ್ಲ. ಮೊದಲ ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ, ದಯವಿಟ್ಟು ಅಲ್ಲಿಗೇ ಕೈಬಿಡಬೇಡಿ.

‘ಓಪನ್’ ಸಭೆಗೆ ಮನೆಯವರೂ ಹೋಗಬಹುದು, ‘ಕ್ಲೋಸ್ಡ್’ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಹೆಂಡತಿ, ಮಕ್ಕಳು, ಅಪ್ಪ ಅಮ್ಮಂದಿರಿಗೆ ಅಲ್-ಅನಾನ್ ಅಂತ ಬೇರೆ ಗುಂಪೇ ಇದೆ. ಅಕ್ಕಂದಿರೇ, ಗಂಡ ಬರದಿದ್ದರೂ ನೀವು ಹೋಗಿ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರನ್ನು ಕಾಣಿ. ಯಾರನ್ನು ಕೇಳುವುದು ತಿಳಿಯದಿದ್ದರೆ ಸರ್ಕಾರದ ನಶಾಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.