ಫೈಲ್ ಹೆಸರಲ್ಲಿ ಸ್ಪೇಸ್ ಬಿಟ್ಟಿದ್ದು ಅಕ್ಕನ ತಪ್ಪಾ?

ಶಿರಸಿಯ ಒಂದು ಅಡಿಕೆ ವಖಾರಿಯ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಅಲ್ಲಿ ಲೆಕ್ಕ ಬರೆಯುವ ಅಕ್ಕ ಫೈಲಿಗೆ 'ಚಾಲಿ & ಬೆಟ್ಟೆ (ಹೊಸತು)' ಅಂತ ಹೆಸರಿಡುತ್ತಾರೆ. ಇಡಲಿ. ಆ ಕಂಪ್ಯೂಟರ್ ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಓರೆಗೆರೆ (/) ಮತ್ತು ಹೆಸರಿನ ಕೊನೆ ಗುರುತಿಸುವ ಕಾಣದ ಶೂನ್ಯ ಬೈಟ್ ಎರಡನ್ನು ಬಿಟ್ಟು ಹೆಸರಲ್ಲಿ ಏನು ಬೇಕಾದರೂ ಹಾಕಬಹುದು. ಆದರೆ ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆದುಕೊಟ್ಟವರಿಗೆ ಫೋನ್ ಮಾಡಿದರೆ "ಹೆಸರಲ್ಲಿ ಸ್ಪೇಸ್ ಹಾಕಬೇಡಿ ಅಂತ ಅವರಿಗೆ ಹೇಳಿ" ಅನ್ನುತ್ತಾರೆ. ಮೈ ಉರಿಯುತ್ತದೆ.

ಸ್ಕ್ರಿಪ್ಟ್ ತೆಗೆದು ನೋಡಿದರೆ ಎಲ್ಲಾ ಕಡೆ ಬರೀ $1 (ಸ್ಕ್ರಿಪ್ಟಿಗೆ ಕೊಟ್ಟ ಮೊದಲ ಹೆಸರು), ಬರೀ $* (ಕೊಟ್ಟ ಎಲ್ಲಾ ಹೆಸರು). ಒಂದು ಕಡೆಯೂ ಕೋಟ್ (" ") ಇಲ್ಲ. ಕೋಟ್ ಇಲ್ಲದಿದ್ದರೆ ಶೆಲ್, ಅಂದರೆ ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ, ಸ್ಪೇಸ್, ಟ್ಯಾಬ್, ಹೊಸ ಸಾಲು ಕಂಡಲ್ಲೆಲ್ಲ ಹೆಸರನ್ನು ಕತ್ತರಿಸುತ್ತದೆ. ಅಕ್ಕನ ಒಂದು ಫೈಲ್ ನಾಲ್ಕು ತುಂಡಾಗುತ್ತದೆ, ಆ ನಾಲ್ಕು ಹೆಸರಿನ ಫೈಲ್ ಎಲ್ಲಿಯೂ ಇರುವುದಿಲ್ಲ. ಹೆಸರಲ್ಲಿ ನಕ್ಷತ್ರ (*) ಇದ್ದರಂತೂ, ಶೆಲ್ ಅದನ್ನು 'ಇಲ್ಲಿ ಏನಿದ್ದರೂ ಸರಿ' ಅಂತ ಓದುವುದರಿಂದ, ಆ ಫೋಲ್ಡರಿನಲ್ಲಿ ಹೊಂದುವ ಬೇರೆ ಫೈಲುಗಳೂ ಬಂದು ಸೇರುತ್ತವೆ. "$1" ಅಂತ, ಪ್ರತಿ ಹೆಸರನ್ನೂ ಇಡಿಯಾಗಿ ಬೇರೆ ಬೇರೆ ಕೊಡುವ "$@" ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಇದೇನು ನಿನ್ನೆ ಮೊನ್ನೆ ಬಂದ ಸೌಲಭ್ಯವಲ್ಲ, 1979ರ ಬೋರ್ನ್ ಶೆಲ್ ಅನ್ನುವ ಹಳೇ ಶೆಲ್‌ನಲ್ಲೇ ಇತ್ತು!

ಇನ್ನೂ ಕೆಟ್ಟದ್ದು ಕಾರವಾರದ ಶಾಖೆಗೆ ಕಳಿಸುವ ಭಾಗ. ಅಲ್ಲಿನ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಸಾಧನ) ಮೂಲಕ ಆಜ್ಞೆ ಓಡಿಸುತ್ತಾರೆ. ಎಸ್‌ಎಸ್‌ಎಚ್ ನಾವು ಕೊಟ್ಟ ಮಾತುಗಳನ್ನೆಲ್ಲ ಸ್ಪೇಸ್ ಹಾಕಿ ಒಂದೇ ಸಾಲು ಮಾಡುತ್ತದೆ, ಆ ಸಾಲನ್ನು ಆಚೆ ಕಡೆಯ ಶೆಲ್ ಮೊದಲಿಂದ ಮತ್ತೆ ಓದುತ್ತದೆ, ಹಾಗಾಗಿ ಇಲ್ಲಿ ಒಮ್ಮೆ ಕೋಟ್ ಹಾಕಿದರೂ ಸಾಲದು. ಅಕ್ಕನ ಹೆಸರಿನಲ್ಲಿರುವ ಆವರಣ ( ) ಕಂಡರೆ ಆ ಶೆಲ್ ಇಡೀ ಸಾಲನ್ನೇ ತಿರಸ್ಕರಿಸುತ್ತದೆ. ಆವರಣ ಇಲ್ಲದಿದ್ದರೆ & ತನಕ ಇದ್ದದ್ದನ್ನು ಹಿನ್ನೆಲೆಗೆ ತಳ್ಳಿ, ಆಮೇಲಿನ 'ಬೆಟ್ಟೆ'ಯನ್ನು ಓಡಿಸಬೇಕಾದ ಪ್ರೋಗ್ರಾಂ ಅಂದುಕೊಳ್ಳುತ್ತದೆ! ಹೆಸರಲ್ಲಿ ಯಾರಾದರೂ ಒಂದು ಆಜ್ಞೆ ಮುಗಿಸುವ ಅರ್ಧವಿರಾಮ (;) ಹಾಕಿ, ಅದರ ಪಕ್ಕ ಅಳಿಸುವ ಆಜ್ಞೆ ಬರೆದಿಟ್ಟರೆ ಅದೂ ಓಡುತ್ತದೆ, ಗೊತ್ತಲ್ವಾ? ಬ್ಯಾಶ್ ಅನ್ನುವ ಶೆಲ್‌ನ ಪ್ರಿಂಟ್‌ಎಫ್ ಆಜ್ಞೆಯಲ್ಲಿ ಇದಕ್ಕೆಂದೇ ಶೇಕಡಾ ಚಿಹ್ನೆಯ ಜೊತೆ ಕ್ಯೂ ಅಕ್ಷರದ (%q) ದಾರಿ ಇದೆ. ಹೆಸರನ್ನು ಶೆಲ್ ತಪ್ಪು ಓದದ ಹಾಗೆ ಕಟ್ಟಿಕೊಡುತ್ತದೆ. ಶೆಲ್‌ಚೆಕ್ ಅನ್ನುವ ಉಚಿತ ಸಾಧನ ಇದೆ, ಕೋಟ್ ಬಿಟ್ಟ ಜಾಗಗಳನ್ನು ತೋರಿಸುತ್ತದೆ. ಒಂದನ್ನೂ ಮುಟ್ಟಿಲ್ಲ.

ಇದರ ಮೇಲೆ ತಪ್ಪಿನ ಸಂದೇಶಗಳನ್ನೆಲ್ಲ ಕಾಣದ ಹಾಗೆ ಎಸೆದಿದ್ದಾರೆ. ಬ್ಯಾಕಪ್ ಆಗಿಲ್ಲ ಅಂತ ಯಾರಿಗೂ ಗೊತ್ತೇ ಆಗಲಿಲ್ಲ. ಬೆಳೆಗಾರರ ದುಡ್ಡಿನ ಲೆಕ್ಕ ಅದು, ಸುಮ್ನೆ ಆಟದ ಫೈಲಲ್ಲ.

ಅಕ್ಕನಿಗೆ ಹೆಸರು ಬದಲಿಸಿ ಅಂತ ನಾನು ಹೇಳುವುದಿಲ್ಲ. ಅವರು ಸರಿಯಾಗಿಯೇ ಬರೆದಿದ್ದಾರೆ. ದುಡ್ಡು ತೆಗೆದುಕೊಂಡವರು ಬಂದು ಕೋಟ್ ಹಾಕಿಕೊಡಲಿ.