ಪಾರಿಜಾತ: ಹೂವು ದೇವರಿಗೆ, ಎಲೆ ಮಂಡಿಗೆ

ಮಲ್ಲೇಶ್ವರ, ಬಸವನಗುಡಿಯ ಹಳೇ ಕಾಂಪೌಂಡುಗಳ ಪಕ್ಕ ಬೆಳಗ್ಗೆ ಪಾರಿಜಾತ ಉದುರೋಕೆ ಶುರುವಾದರೆ ಸಾಕು, ‘ಹೂವಿನ ಟೀ ಕುಡಿಯಿರಿ, ಮಂಡಿನೋವು ಮಾಯ’ ಅನ್ನೋ ವಾಟ್ಸಾಪ್ ಮೆಸೇಜೂ ಉದುರುತ್ತವೆ. ಹೂವನ್ನ ಅದರ ಪಾಡಿಗೆ ಬಿಡಿ ಸ್ವಾಮಿ. ನೋವಿಗೆ ಹಿಂದಿನಿಂದ ಬಳಸಿಕೊಂಡು ಬಂದಿರೋದು ಎಲೆ. ಸೊಂಟದಿಂದ ಕಾಲಿಗಿಳಿಯುವ ನೋವಿಗೆ, ಅಂದರೆ ಗೃಧ್ರಸಿಗೆ, ‘ಚಕ್ರದತ್ತ’ ಅನ್ನೋ ಹಳೇ ಆಯುರ್ವೇದ ಗ್ರಂಥ ಹೇಳೋದೂ ಎಲೆಯ ಕಷಾಯವನ್ನೇ. ಅದೂ ಸಣ್ಣ ಉರಿಯಲ್ಲಿ ಕಾಯಿಸಿದ್ದು.

ಆ ಸಣ್ಣ ಉರಿಯಲ್ಲೇ ಎಲ್ಲರೂ ಎಡವೋದು. ಬಲಿತ 5 ಎಲೆ ತೊಳೆದು, ಹರಿದು, 2 ಲೋಟ ನೀರಿಗೆ ಹಾಕಿ ಅರ್ಧ ಲೋಟಕ್ಕೆ ಇಳಿಸಬೇಕು. ಉರಿ ಜೋರಾದರೆ ನೀರು ಬತ್ತುತ್ತೆ, ಸಾರ ಎಲೆಯಲ್ಲೇ ಉಳಿಯುತ್ತೆ. ಸ್ಟೀಲ್ ಪಾತ್ರೆ ಸಾಕು. ಸೋಸೋದು ಮಾತ್ರ ಬಟ್ಟೆಯಲ್ಲಿ. ಎಲೆ ಮೇಲಿನ ಒರಟು ರೋಮ ಟೀ ಜಾಲರಿಗೆ ಸಿಗದೆ ಗಂಟಲು ಕೆರೆಯುತ್ತೆ. ಹಿಂದೆ ಮರ, ದಂತ ಉಜ್ಜಿ ನಯ ಮಾಡಲು ಬಳಸುತ್ತಿದ್ದ ಎಲೆ ಇದು, ನೆನಪಿರಲಿ! ಕಹಿಯಂತೂ ಬೇವಿಗೆ ಸರಿಸಾಟಿ. 20 ಎಲೆ ಕುದಿಸಿದರೆ ಗುಣ ನಾಲ್ಕು ಪಟ್ಟಾಗಲ್ಲ, ಹೊಟ್ಟೆಯುರಿ, ವಾಂತಿ ಬರುತ್ತೆ. ಬಸುರಿಯರಿಗೆ ಬೇಡವೇ ಬೇಡ. ಶುಗರ್ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಮುಟ್ಟಬೇಡಿ.

ಜ್ವರಕ್ಕೂ ಎಲೆ ರಸಕ್ಕೆ ಜೇನು ಬೆರೆಸಿ ಕೊಡೋ ರೂಢಿ ಇದೆ. ಆದರೆ ಡೆಂಗಿ ಹಬ್ಬಿರುವಾಗ ಈ ರಸ ನಂಬಿ ಮೂರು ದಿನ ಕಾಯೋದು ಶುದ್ಧ ಪೆದ್ದತನ. ಮೊದಲು ರಕ್ತಪರೀಕ್ಷೆ.

ಹೂವಿಲ್ಲದ ಕಾಲದಲ್ಲಿ ಗಿಡ ಗುರುತಿಸೋಕೆ ಎಳೇ ಟೊಂಗೆಯನ್ನ ಬೆರಳ ಮಧ್ಯೆ ಹೊರಳಿಸಿ: ದುಂಡಗಿರಲ್ಲ, ನಾಲ್ಕು ಏಣು ತಾಗುತ್ತೆ. ಎಲೆ ಜೋಡಿಯಾಗಿ ಎದುರುಬದುರು, ಮುಟ್ಟಿದರೆ ಉಪ್ಪುಕಾಗದ. ಕಾಯಿ ನಾಣ್ಯದ ಹಾಗೆ ಚಪ್ಪಟೆ, ಒಳಗೆ ಎರಡು ಬೀಜ. ಟ್ರಾಫಿಕ್ ರಸ್ತೆ ಬದಿಯ ಎಲೆ ಕೀಳಬೇಡಿ, ಹೊಗೆಯ ಮಸಿ ಆ ರೋಮದಲ್ಲೇ ಕೂತಿರುತ್ತೆ, ತೊಳೆದರೂ ಪೂರ್ತಿ ಹೋಗಲ್ಲ.

ಹೂವಿಗೂ ಕೆಲಸ ಇದೆ. ಕಿತ್ತಳೆ ತೊಟ್ಟು ಬಿಸಿನೀರಿಗೆ ಹಾಕಿದರೆ ಕೇಸರಿಯಂಥದೇ ಬಣ್ಣ ಬಿಡುತ್ತೆ. ಹಿಂದೆ ರೇಷ್ಮೆಗೆ ಹಾಕುತ್ತಿದ್ದರು, ಬಿಸಿಲಿಗೆ ಮಾಸುತ್ತೆ.

ಮನೇಲೇ ಬೆಳೆಸೋರು ದಿನಕ್ಕೆ 5-6 ಗಂಟೆ ಬಿಸಿಲು ಬೀಳೋ ಜಾಗ ನೋಡಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ, ಬುಡದವರೆಗೆ ಸಿಮೆಂಟ್ ಮೆತ್ತಿದರೆ ಗಿಡ ಸೊರಗುತ್ತೆ. ಟೊಂಗೆ ಸವರೋದು ಹೂವು ಮುಗಿದ ಮೇಲೆ, ಫೆಬ್ರವರಿ ಹೊತ್ತಿಗೆ. ಜುಲೈನಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿ ಹಾಕಿದ ಹಾಗೆ. ಕಂಬಳಿಹುಳು ಬಂದರೆ ಆ ಟೊಂಗೆ ಕತ್ತರಿಸಿ ಸೋಪಿನ ನೀರಿಗೆ ಅದ್ದಿ. ಕಷಾಯಕ್ಕೆ ಕೀಳೋ ಗಿಡಕ್ಕೆ ಔಷಧಿ ಹೊಡೀಬೇಡಿ.